ರಕ್ಷಿಸಿ ತಂದ ಗಿನಿಪಿಗ್‌ಗೆ ಏನು ತಿನ್ನಿಸಬೇಕು, ಹೇಗೆ ನೋಡಿಕೊಳ್ಳಬೇಕು?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಕೊನೆಯಲ್ಲಿರುವ ಬಾಡಿಗೆ ಮನೆ ಕಳೆದ ವಾರ ಖಾಲಿಯಾಯಿತು. ಮಾಲಕರು ಬೀಗ ತೆಗೆದು ನೋಡಿದಾಗ ಹಿತ್ತಲಿನ ಬಚ್ಚಲ ಪಕ್ಕದಲ್ಲಿ, ತಂತಿಯ ಪಂಜರದೊಳಗೆ, ಒಂದು ಗಿನಿಪಿಗ್ ಕುಳಿತಿತ್ತು. ಒಣಗಿದ ಜೋಳದ ರೊಟ್ಟಿಯ ಚೂರುಗಳು ಮತ್ತು ಒಂದೆರಡು ಬ್ರೆಡ್ ತುಂಡುಗಳನ್ನು ಬಿಟ್ಟರೆ ಪಂಜರದಲ್ಲಿ ಬೇರೇನೂ ಇರಲಿಲ್ಲ. ನೀರಿನ ಬಟ್ಟಲು ಬತ್ತಿಹೋಗಿತ್ತು. ಹೊರಗೆ ಬಿಟ್ಟರೆ ನಾಯಿಗಳ ಪಾಲಾಗುತ್ತದೆ ಎಂದು ನಾನೇ ಮನೆಗೆ ತಂದೆ.

ಅಡುಗೆಮನೆಯ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ತೂಗಿದಾಗ 610 ಗ್ರಾಂ ಬಂತು. ಮಾಲಕರ ಮಗ ಅದನ್ನು ಹೆಣ್ಣು ಎನ್ನುತ್ತಾನೆ. ವಯಸ್ಸು ಒಂದು ವರ್ಷಕ್ಕೂ ಮೇಲೆ ಇರಬೇಕು. ಬೆನ್ನಿನ ಮೇಲೆ ಎರಡು ಕಡೆ ಕೂದಲು ಉದುರಿ ಚರ್ಮ ಹೊಟ್ಟೆದ್ದಿದೆ, ಇಡೀ ದಿನ ತುರಿಸಿಕೊಳ್ಳುತ್ತದೆ. ಹಿಂಗಾಲುಗಳನ್ನು ಎಳೆದುಕೊಂಡಂತೆ ನಡೆಯುತ್ತದೆ ಮತ್ತು ಎತ್ತಿಕೊಂಡರೆ ಚೀರುತ್ತದೆ. ಮೊದಲ ರಾತ್ರಿ ಕೊತ್ತಂಬರಿ ಕೊಟ್ಟಾಗ ಮೂಲೆಗೆ ಸರಿದು ಮುಖ ಗೋಡೆಗೆ ಮಾಡಿ ಕುಳಿತಿತ್ತು. ನಾವು ದೀಪ ಆರಿಸಿ ಹೊರಗೆ ಬಂದು ಅರ್ಧ ತಾಸಿನ ನಂತರ ನೋಡಿದರೆ ದಂಟು ಸಹಿತ ತಿಂದು ಮುಗಿಸಿತ್ತು.

ನಾನು ಈ ಪ್ರಾಣಿಯನ್ನು ಎಂದೂ ಸಾಕಿದವಳಲ್ಲ. ದಿನವೂ ಏನು, ಎಷ್ಟು ಕೊಡಬೇಕು? ನಮ್ಮ ಊರಿನ ಬೇಸಿಗೆಯನ್ನು ಇದು ತಡೆದುಕೊಳ್ಳುತ್ತದೆಯೇ? ಚರ್ಮದ ಗಾಯಕ್ಕೆ, ಮನೆಯಲ್ಲಿ ಮಗನಿಗೆಂದು ತಂದು ಉಳಿದಿರುವ ಆಂಟಿಬಯೋಟಿಕ್ ಸಿರಪ್ ಒಂದೆರಡು ಹನಿ ಕೊಡಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1 (ಧಾರವಾಡದಿಂದ)

ಅಕ್ಕನವರೇ, ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಆ ಸಿರಪ್ಪನ್ನು ದಯವಿಟ್ಟು ಕೊಡಬೇಡಿ. ನಾನು ಸಾಕಿದ ಮೊಟ್ಟಮೊದಲ ಗಿನಿಪಿಗ್‌ಗೆ ಸೀನು ಬಂದಾಗ, ಮಕ್ಕಳಿಗೆ ಕೊಡುವ ಔಷಧ ಇಷ್ಟು ಸಣ್ಣ ಜೀವಕ್ಕೆ ಏನು ಕೆಡುಕು ಮಾಡೀತು ಎಂದುಕೊಂಡು ನಾನೇ ಹನಿ ಹಾಕಿದ್ದೆ. ಮೂರನೆಯ ದಿನ ಭೇದಿ ಶುರುವಾಯಿತು, ಐದನೆಯ ದಿನ ಅದು ಉಳಿಯಲಿಲ್ಲ. ಇದರ ಕಾರಣವನ್ನು ವೈದ್ಯಕೀಯ ಬಲ್ಲವರು ಯಾರಾದರೂ ನನಗಿಂತ ಚೆನ್ನಾಗಿ ವಿವರಿಸಿಯಾರು.

ಕೂದಲು ಉದುರಿದ್ದಕ್ಕಿಂತ ಹಿಂಗಾಲಿನ ಮಾತು ಓದಿ ನನಗೆ ಹೆಚ್ಚು ಕಳವಳವಾಯಿತು. ನಾಯಿ, ಬೆಕ್ಕು, ಮೊಲ, ಇಲಿಗಳ ದೇಹ ‘ಸಿ’ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್ ದೇಹಕ್ಕೆ ನಮ್ಮ ದೇಹದಂತೆಯೇ ಆ ಶಕ್ತಿ ಇಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ಮತ್ತು ಬ್ರೆಡ್ ತಿನ್ನಿಸಿ ನೋಡಿದಾಗ, ಹಿಂದೆ ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಅವುಗಳಿಗೂ ಬಂತು. ತಮ್ಮ ಗಿನಿಪಿಗ್ ಪಂಜರದಲ್ಲಿ ಸಿಕ್ಕಿದ್ದೂ ರೊಟ್ಟಿ ಮತ್ತು ಬ್ರೆಡ್ ಮಾತ್ರ. ಈ ಜೀವಸತ್ವ ಎರಡು–ಮೂರು ವಾರ ಸಿಗದಿದ್ದರೆ ಕೀಲುಗಳು ಬಾತುಕೊಳ್ಳುತ್ತವೆ, ವಸಡಿನಲ್ಲಿ ರಕ್ತ ಬರುತ್ತದೆ, ಮೈ ಮುಟ್ಟಿದರೆ ನೋವಾಗುತ್ತದೆ, ನಡೆಯಲು ಮನಸ್ಸಾಗುವುದಿಲ್ಲ. ಇದು ಸ್ಕರ್ವಿಯೇ ಎಂದು ನಾನು ದೂರದಿಂದ ಹೇಳಲಾರೆ, ವೈದ್ಯರು ಪರೀಕ್ಷಿಸಲೇಬೇಕು. ಆದರೆ ಆಹಾರವನ್ನು ಇಂದಿನಿಂದಲೇ ಸರಿಪಡಿಸಬಹುದು.

ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕು. ಬಳಲಿದ ಪ್ರಾಣಿಗೆ ಮೇಲಿನ ಅಳತೆಯನ್ನೇ ಹಿಡಿಯಬೇಕು. ತಮ್ಮದಕ್ಕೆ ಸುಮಾರು 20 ಮಿಲಿಗ್ರಾಂ ಎಂದುಕೊಳ್ಳಿ. ನೂರು ಗ್ರಾಂ ಹಸಿರು ಡೊಣ್ಣಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಇರುವುದರಿಂದ, ಬೀಜ ತೆಗೆದ 25 ಗ್ರಾಂ ಹೋಳು ಒಂದು ದಿನಕ್ಕೆ ಸಾಕಾಗುತ್ತದೆ. ಪೇರಲ ಹಣ್ಣಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿದೆ, ಆದರೆ ಸಕ್ಕರೆಯ ಅಂಶವೂ ಇರುವುದರಿಂದ ವಾರಕ್ಕೆ ಎರಡು ಸಲ ಹೆಬ್ಬೆರಳಿನಷ್ಟು ತುಂಡು ಮಾತ್ರ ಕೊಡಿ. ಜೀವಸತ್ವದ ಹನಿಗಳನ್ನು ಕುಡಿಯುವ ನೀರಿಗೆ ಬೆರೆಸಲು ಅಂಗಡಿಯವರು ಹೇಳುತ್ತಾರೆ. ಬೆಳಕಿಗೆ ಅದರ ಸತ್ವ ಬೇಗ ಹೋಗುತ್ತದೆ, ರುಚಿ ಕೆಟ್ಟು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಇಷ್ಟೆಲ್ಲ ಹೇಳಿದರೂ ಇದರ ನಿಜವಾದ ಊಟ ಒಣಹುಲ್ಲು. ಅನ್ನದ ಜಾಗದಲ್ಲಿ ಹುಲ್ಲು, ಪಲ್ಯದ ಜಾಗದಲ್ಲಿ ಸೊಪ್ಪು ಎಂದು ತಿಳಿದುಕೊಂಡರೆ ಅಳತೆ ತಪ್ಪುವುದಿಲ್ಲ. ಗಿನಿಪಿಗ್‌ನ ಇಪ್ಪತ್ತು ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ; ಹುಲ್ಲನ್ನು ಗಂಟೆಗಟ್ಟಲೆ ಅರೆದರೆ ಮಾತ್ರ ಅವು ಸವೆಯುತ್ತವೆ. ಹಗಲು ರಾತ್ರಿ ಹುಲ್ಲು ಮುಂದೆ ಇರಲೇಬೇಕು. ಟಿಮೊಥಿ ಹುಲ್ಲು ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಹೆಚ್ಚು. ನಾನು ಅದರ ಜೊತೆ ಗರಿಕೆಯನ್ನು ತೊಳೆದು ಕೊಡುತ್ತೇನೆ. ಇಷ್ಟು ದಿನ ರೊಟ್ಟಿ ತಿಂದ ಹೊಟ್ಟೆಗೆ ಒಮ್ಮೆಲೇ ರಾಶಿ ಹಸಿರು ಹಾಕಿದರೆ ಉಬ್ಬರಿಸುತ್ತದೆ. ಹುಲ್ಲಿಗೆ ಮಿತಿಯಿಲ್ಲ, ಸೊಪ್ಪು, ಸವತಿಕಾಯಿ, ಡೊಣ್ಣಮೆಣಸಿನಕಾಯಿಗಳನ್ನು ಒಂದೊಂದಾಗಿ, ಎರಡು ದಿನಕ್ಕೊಂದು ಹೊಸದರಂತೆ ಸೇರಿಸುತ್ತ ಹೋಗಿ. ಗಜ್ಜರಿ ವಾರಕ್ಕೊಮ್ಮೆ ಒಂದು ಬಿಲ್ಲೆ ಸಾಕು, ಪಾಲಕ್ ಅಪರೂಪಕ್ಕೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ, ಹಾಲು, ಬಿಸ್ಕೀಟು, ಅಡುಗೆ ಮಾಡಿದ ಯಾವುದೇ ಪದಾರ್ಥ ಬೇಡ.

ಅದು ತನ್ನ ಹಿಕ್ಕೆಯನ್ನೇ ಬಾಯಿ ಹಾಕಿ ತಿನ್ನುವುದು ಕಂಡರೆ ಗಾಬರಿಯಾಗಬೇಡಿ. ಮೆತ್ತನೆಯ ಒಂದು ಬಗೆಯ ಹಿಕ್ಕೆಯನ್ನು ಮತ್ತೆ ತಿಂದೇ ಅದು ತನಗೆ ಬೇಕಾದ ಪೋಷಕಾಂಶ ಪಡೆಯುತ್ತದೆ.

ಉತ್ತರ 2 (ಗದಗಿನಿಂದ)

ನಾನು ಇಲ್ಲಿಯ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ. ಧಾರವಾಡದ ಮೇಡಂ ಅವರು ಹೇಳಿದ ಸಿರಪ್ಪಿನ ಮಾತಿಗೆ ಕಾರಣ ಹೀಗಿದೆ. ಗಿನಿಪಿಗ್ ಹುಲ್ಲನ್ನು ಅರಗಿಸಿಕೊಳ್ಳುವುದು ಕರುಳಿನ ಹಿಂಭಾಗದಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಮುಂತಾದವು ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಆ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅವುಗಳ ಜಾಗದಲ್ಲಿ ವಿಷಕಾರಿ ಕ್ಲಾಸ್ಟ್ರಿಡಿಯಂ ಬೆಳೆದು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಅಂಥ ಔಷಧಗಳ ಪೈಕಿ ಅಮಾಕ್ಸಿಸಿಲಿನ್ ಮಕ್ಕಳ ಸಿರಪ್ಪಿನಲ್ಲಿ ಸಾಮಾನ್ಯ. ಗಿನಿಪಿಗ್‌ಗೆ ಹೊಂದುವ ಬೇರೆ ಔಷಧಗಳಿವೆ, ಅವನ್ನು ತೂಕ ನೋಡಿ ವೈದ್ಯರೇ ಬರೆಯಬೇಕು.

ಬೆನ್ನಿನ ತುರಿಕೆ ಹೆಚ್ಚಾಗಿ ಟ್ರೈಕ್ಸಾಕಾರಸ್ ಎಂಬ ಕಜ್ಜಿ ನುಸಿಯಿಂದ ಬರುತ್ತದೆ. ತುರಿಕೆ ವಿಪರೀತವಾದರೆ ಪ್ರಾಣಿಗೆ ಸೆಳವು ಬಂದು ಬೀಳುವುದೂ ಉಂಟು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಐವರ್‌ಮೆಕ್ಟಿನ್ ಕೊಡುತ್ತಾರೆ. ದನ ಕುರಿಗಳಿಗೆ ಬಳಸುವ ಔಷಧವೂ ಅದೇ ಆಗಿರುವುದರಿಂದ ಹಳ್ಳಿಯ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ 610 ಗ್ರಾಂ ಪ್ರಾಣಿಗೆ ಬೇಕಾಗುವುದು ಬಹಳ ಸಣ್ಣ ಹನಿಯಾದ್ದರಿಂದ ಮನೆಯಲ್ಲಿ ಅಳೆಯುವ ಸಾಹಸ ಬೇಡ. ಬೋಳಾದ ಜಾಗ ಗಜಕರ್ಣವಾಗಿದ್ದರೆ ಅದು ಮನುಷ್ಯರಿಗೂ ಹತ್ತುತ್ತದೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮಗನಿಗೂ ಹೇಳಿ.

ಹೆಣ್ಣು ಎಂದಿದ್ದೀರಿ. ಹಿಂದಿನ ಮನೆಯಲ್ಲಿ ಗಂಡು ಇತ್ತೇ ಎಂದು ವಿಚಾರಿಸಿ. ಗಿನಿಪಿಗ್ ಗರ್ಭ 59ರಿಂದ 72 ದಿನ ಇರುತ್ತದೆ, ಮೇಲ್ನೋಟಕ್ಕೆ ಬಹಳ ದಿನ ತಿಳಿಯುವುದಿಲ್ಲ. ಆದ್ದರಿಂದ ಹೊಟ್ಟೆಯನ್ನು ಒತ್ತಿ ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆಯಾಗಿರಲಿ.

ಒಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಗಿನಿಪಿಗ್ ಹನ್ನೆರಡು ತಾಸು ಏನನ್ನೂ ತಿನ್ನದಿದ್ದರೆ ಅಥವಾ ಹಿಕ್ಕೆ ನಿಂತುಹೋದರೆ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಿರಿ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಅದು ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ತಕ್ಕಡಿ ಮಾತ್ರ ಅದನ್ನು ಬೇಗ ತೋರಿಸುತ್ತದೆ. ಈಗ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ.

ಉತ್ತರ 3 (ಹಾವೇರಿ ಜಿಲ್ಲೆಯಿಂದ)

ನಾನು ಒಕ್ಕಲುತನದವನು, ಮಗಳಿಗಾಗಿ ನಾಲ್ಕು ಗಿನಿಪಿಗ್ ಸಾಕಿದ್ದೇವೆ. ಮೇವಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಕಡೆ ಎಲ್ಲೆಲ್ಲೂ ಜೋಳವಿರುವುದರಿಂದ ಯಾರಾದರೂ ಪ್ರೀತಿಯಿಂದ ಎಳೆ ಜೋಳದ ಗರಿ ತಂದುಕೊಟ್ಟಾರು, ಅದನ್ನು ಹಾಕಬೇಡಿ. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ ಬೆಳೆಯಲ್ಲಿ, ಸಯನೈಡ್ ವಿಷ ಉಂಟಾಗುತ್ತದೆ, ಎತ್ತು ಆಕಳುಗಳೇ ಅದನ್ನು ಮೇಯ್ದು ಸಾಯುತ್ತವೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ವಿಷ ಇಳಿದಿರುತ್ತದೆ, ಆದರೆ ಅದು ಬಿರುಸು, ಸತ್ವ ಕಡಿಮೆ. ಭತ್ತದ ಹುಲ್ಲೂ ಹಾಗೆಯೇ. ಹಾಸಿಗೆಗೆ ನಡೆಯುತ್ತದೆ, ಅದೊಂದನ್ನೇ ನಂಬಿ ಹೊಟ್ಟೆ ತುಂಬಿಸಬಾರದು.

ಕುದುರೆ ಮಸಾಲೆ ಸೊಪ್ಪು ಮತ್ತು ಶೇಂಗಾ ಬಳ್ಳಿಯನ್ನು ಇವು ಆಸೆಯಿಂದ ತಿನ್ನುತ್ತವೆ. ಅವುಗಳಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಬೆಳೆದ ಪ್ರಾಣಿಗೆ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಮರಿಗಳಿಗೆ ಮತ್ತು ಗಬ್ಬವಾದ ಹೆಣ್ಣಿಗೆ ಮಾತ್ರ ಒಳ್ಳೆಯದು. ಗರಿಕೆಯನ್ನು ಹತ್ತಿ, ಮೆಣಸಿನಕಾಯಿ ಹೊಲದ ಬದುವಿನಿಂದ ಕೊಯ್ಯಬೇಡಿ, ಅಲ್ಲಿ ಔಷಧ ಹೊಡೆದಿರುತ್ತಾರೆ. ಮೇವಿನ ಹುಲ್ಲುಗಳ ಬಗ್ಗೆ ಹೆಚ್ಚು ತಿಳಿಯಬೇಕೆಂದರೆ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ.

ಬೇಸಿಗೆಯನ್ನು ಇವು ತಡೆಯಲಾರವು. ಆಂಡಿಸ್ ಪರ್ವತದ ತಂಪು ಸೀಮೆಯಿಂದ ಬಂದ ಜೀವ. ಮೂವತ್ತು ಡಿಗ್ರಿ ಮೀರಿದರೆ ಝಳ ಬಡಿಯುವ ಅಪಾಯವಿದೆ. ನಾವು ಅಗಲ ಬಾಯಿಯ ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ, ಹೊರಗೆ ಒದ್ದೆ ಬಟ್ಟೆ ಸುತ್ತಿ ಇಡುತ್ತೇವೆ. ಮಧ್ಯಾಹ್ನ ಕರೆಂಟ್ ಹೋದಾಗ ನಾಲ್ಕೂ ಅದರ ಸುತ್ತಲೇ ಬಿದ್ದುಕೊಂಡಿರುತ್ತವೆ. ತಗಡಿನ ಕೆಳಗೆ ಮಾತ್ರ ಇಡಬೇಡಿ. ತಂತಿಯ ತಳವನ್ನೂ ತೆಗೆದುಬಿಡಿ, ಪಾದ ಹುಣ್ಣಾಗುತ್ತದೆ. ಹಳೆಯ ಹತ್ತಿ ಚಾದರ ಮಡಚಿ ಹಾಸಿದರೆ ಆಯಿತು.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಿರಪ್ ಬಾಟಲಿಯನ್ನು ಅಂದೇ ಎಸೆದೆ. ವೈದ್ಯರು ನುಸಿ ಇರುವುದನ್ನು ಖಚಿತಪಡಿಸಿ ಮೊದಲ ಇಂಜೆಕ್ಷನ್ ಕೊಟ್ಟಿದ್ದಾರೆ, ‘ಸಿ’ ಜೀವಸತ್ವವನ್ನು ಹನಿಯಾಗಿ ನೇರ ಬಾಯಿಗೆ ಕೊಡಲು ಹೇಳಿದ್ದಾರೆ, ಗರ್ಭವಿಲ್ಲ ಎಂದರು. ತೂಕ ಮೊದಲ ಮೂರು ದಿನ 610ರಿಂದ 598ಕ್ಕೆ ಇಳಿದಾಗ ರಾತ್ರಿ ನಿದ್ದೆ ಬರಲಿಲ್ಲ. ಇಂದು ಬೆಳಿಗ್ಗೆ 652 ಆಗಿದೆ. ಹಿಂಗಾಲನ್ನು ಈಗ ಎಳೆಯುವುದಿಲ್ಲ, ಎತ್ತಿ ಇಡುತ್ತದೆ. ನಿನ್ನೆ ಸಂಜೆ ಸಂತೆಯಿಂದ ಬಂದು ಚೀಲದೊಳಗಿನ ಕೊತ್ತಂಬರಿ ಕಟ್ಟು ತೆಗೆದ ಸಪ್ಪಳಕ್ಕೆ ಪಂಜರದಿಂದ ‘ವ್ಹೀಕ್ ವ್ಹೀಕ್’ ಎಂದು ದೊಡ್ಡ ದನಿಯಲ್ಲಿ ಕೂಗಿತು. ಅದರ ದನಿಯನ್ನು ನಾವು ಹಾಗೆ ಕೇಳಿದ್ದು ಅದೇ ಮೊದಲು. ಒಂಟಿಯಾಗಿದೆ ಎಂದು ಮಗ ಇನ್ನೊಂದನ್ನು ತರೋಣ ಎನ್ನುತ್ತಾನೆ, ಪಕ್ಕದ ಮನೆಯವರು ತಮ್ಮ ಮೊಲವನ್ನು ಜೊತೆಗೆ ಬಿಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ 4 (ಧಾರವಾಡದಿಂದ, ಮೊದಲು ಬರೆದವರು)

652 ಎಂದು ಓದಿ ಬಹಳ ಸಂತೋಷವಾಯಿತು. ಮೊಲ ಬೇಡ, ಮೊಲದ ಮೂಗಿನಲ್ಲಿ ತೊಂದರೆಯಿಲ್ಲದೆ ಇರುವ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ, ಅದರ ಒದೆತದಿಂದ ಎಲುಬೂ ಮುರಿಯಬಹುದು. ಮಗ ಹೇಳುವುದು ಸರಿಯಾಗಿದೆ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದಕ್ಕೆ ಕಾನೂನೇ ಅಡ್ಡಿಯಾಗಿದೆ, ಇವು ಅಷ್ಟು ಸಂಗಬಯಸುವ ಜೀವಗಳು. ಆದರೆ ನುಸಿಯ ಚಿಕಿತ್ಸೆ ಪೂರ್ತಿ ಮುಗಿಯಲಿ. ಆಮೇಲೆ ಇನ್ನೊಂದು ಹೆಣ್ಣನ್ನೇ ತನ್ನಿ, ಎರಡು–ಮೂರು ವಾರ ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ನೋಡಿಕೊಂಡು, ಎರಡಕ್ಕೂ ಹೊಸದಾದ ಜಾಗದಲ್ಲಿ ಹುಲ್ಲಿನ ರಾಶಿಯ ನಡುವೆ ಭೇಟಿ ಮಾಡಿಸಿ. ಅಲ್ಲಿಯವರೆಗೆ ಮಗ ದಿನವೂ ಅರ್ಧ ತಾಸು ಪಂಜರದ ಪಕ್ಕ ನೆಲದ ಮೇಲೆ ಕುಳಿತು, ಎತ್ತಿಕೊಳ್ಳದೆ, ಕೈಯಿಂದ ಗರಿಕೆ ತಿನ್ನಿಸಲಿ.