ಸಹಾಯ ಬೇಕು: ಸಂಡೂರು ಗುಡ್ಡದ ಹುಲ್ಲು ಒಣಗಿಸಲು ಓವನ್

ಎಲ್ಲರಿಗೂ ನಮಸ್ಕಾರ. ಸಂಡೂರು ಗುಡ್ಡಗಳಲ್ಲಿ ಬೇಸಿಗೆಯ ಬೆಂಕಿ ಹೇಗೆ ಹತ್ತಿ ಹಬ್ಬುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಎಂ.ಎಸ್ಸಿ ಪ್ರಾಜೆಕ್ಟ್. ಬೆಂಕಿ ಎಷ್ಟು ವೇಗವಾಗಿ ಹಬ್ಬುತ್ತದೆ ಎಂದು ತಿಳಿಯಲು ಅಮೆರಿಕದ ಕಾಡ್ಗಿಚ್ಚು ಸಂಶೋಧಕ ರಿಚರ್ಡ್ ರಾಥರ್ಮೆಲ್ 1972ರಲ್ಲಿ ಕೊಟ್ಟ ಸೂತ್ರ ಬಳಸುತ್ತಿದ್ದೇನೆ. ಅದಕ್ಕೆ ಗಾಳಿ, ಇಳಿಜಾರು ಅಷ್ಟೇ ಸಾಲದು. ಒಂದು ಚದರ ಮೀಟರಿನಲ್ಲಿ ಎಷ್ಟು ಹುಲ್ಲು-ತರಗು ಇದೆ, ಎಷ್ಟು ಎತ್ತರಕ್ಕೆ ಸಡಿಲವಾಗಿ ನಿಂತಿದೆ, ಎಷ್ಟು ತೇವವಿದೆ, ಎಲ್ಲವೂ ಬೇಕು.

ನಾನು ಸಿಕ್ಕಿಕೊಂಡಿರುವುದು ತೇವದಲ್ಲಿ. ಹುಲ್ಲು, ತರಗೆಲೆ, 6 ಮಿ.ಮೀ.ಗಿಂತ ಸಣ್ಣ ಕಡ್ಡಿ ಗಾಳಿಯ ತೇವಕ್ಕೆ ಒಂದೆರಡು ಗಂಟೆಯಲ್ಲೇ ಹೊಂದಿಕೊಳ್ಳುತ್ತವೆ. ಬೆಳಿಗ್ಗೆ ಏಳಕ್ಕೆ ಬೆರಳಿಗೆ ಸುತ್ತಿದರೂ ಮುರಿಯದ ಹುಲ್ಲು ಮಧ್ಯಾಹ್ನ ಎರಡಕ್ಕೆ ಪಟಪಟನೆ ಮುರಿಯುತ್ತದೆ. ತೇವವಿದ್ದರೆ ಬೆಂಕಿಯ ಶಾಖ ಮೊದಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆಮೇಲಷ್ಟೇ ಹುಲ್ಲಿನಿಂದ ಉರಿಯುವ ಅನಿಲ ಹೊರಬರುವುದು. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನತ್ತ ವಾಲಿ ಅದನ್ನು ಮುಂಚೆಯೇ ಕಾಯಿಸಿಬಿಡುತ್ತದೆ. ಹಾಗಾಗಿ ತೇವದ ಅಂಕಿ ತಪ್ಪಿದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಅದನ್ನು ಅಳೆಯಲು ತಂದ ಹುಲ್ಲನ್ನು ತೂಗಿ, ಓವನ್‌ನಲ್ಲಿ ಒಣಗಿಸಿ, ಮತ್ತೆ ತೂಗಬೇಕು.

ಕಳೆದ ವಾರ ತಂದ ಹನ್ನೆರಡು ಚೀಲ ಹುಲ್ಲು-ತರಗಿನ ಮಾದರಿಗಳು ಓವನ್ ಸಿಗದೆ ಮೂರು ದಿನ ಕೂತು ಬೂಷ್ಟು ಹಿಡಿದವು. ತುಂಬಾ ಬೇಜಾರಾಯಿತು.

ಬಳ್ಳಾರಿ ಅಥವಾ ಹೊಸಪೇಟೆಯ ಕಾಲೇಜು, ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಇರುವವರು ಯಾರಾದರೂ 105 ಡಿಗ್ರಿಯಲ್ಲಿ 24 ಗಂಟೆ ಓವನ್ ಬಿಟ್ಟುಕೊಡಲು ಆಗುತ್ತದೆಯೇ? 0.01 ಗ್ರಾಂ ತೋರಿಸುವ ತಕ್ಕಡಿಯೂ ಇದ್ದರೆ ದೊಡ್ಡ ಉಪಕಾರ. ಕರೆಂಟ್ ಖರ್ಚು ನಾನೇ ಕೊಡುತ್ತೇನೆ. ಗುಡ್ಡದಲ್ಲಿ ದನ, ಕುರಿ ಮೇಯಿಸುವವರ ಪರಿಚಯವಿದ್ದರೂ ತಿಳಿಸಿ. ಬೆಂಕಿ ಯಾವ ಹೊತ್ತಿಗೆ, ಯಾವ ಕಡೆಯಿಂದ ಏರುತ್ತದೆಂದು ಅವರನ್ನೇ ಕೇಳಬೇಕು. ಇಲ್ಲೇ ಮೆಸೇಜ್ ಹಾಕಿ, ಬಂದು ಭೇಟಿಯಾಗುತ್ತೇನೆ.