ಸಾವ್ಕಾರರ 42 ಸ್ಲೈಡು

“ಬೇಳೆ ಯಾವಾಗ ಬರುತ್ತೆ ಸಾವ್ಕಾರ್ರೇ?” ಎಂದು ಮಾಸ್ತರು ಕೇಳಿದಾಗ ಲ್ಯಾಪ್‌ಟಾಪ್‌ನಲ್ಲಿ ಎಂಟನೇ ಸ್ಲೈಡ್ ನಡೆಯುತ್ತಿತ್ತು.

ಕಲಬುರಗಿ ಗಂಜ್ ಹತ್ತಿರದ ಚಹಾದ ಅಂಗಡಿ. ಸಾವ್ಕಾರರದ್ದು ಕಪನೂರಿನಲ್ಲಿ ದಾಲ್‌ಮಿಲ್. ಮುಂದಿನ ವಾರ ಬೆಂಗಳೂರಿಗೆ ಹೋಗಿ ದೊಡ್ಡ ಕಿರಾಣಿ ಕಂಪನಿಯೊಂದರ ಖರೀದಿ ವಿಭಾಗದವರ ಮುಂದೆ ಮಾತಾಡಬೇಕು. ಅದಕ್ಕೆ ಅಳಿಯ ರಾತ್ರಿಯೆಲ್ಲ ಕೂತು 42 ಸ್ಲೈಡ್ ಮಾಡಿಕೊಟ್ಟಿದ್ದ. ಮೊದಲನೆಯದರಲ್ಲಿ ಶರಣಬಸವೇಶ್ವರರು. ಎರಡನೆಯದರಲ್ಲಿ ಮಠದ ಅಜ್ಜರು. ಮೂರರಲ್ಲಿ ತಂದೆಯವರ ಹಾರ ಹಾಕಿದ ಫೋಟೊ. ನಾಲ್ಕರಿಂದ ಏಳರವರೆಗೆ ಮಿಲ್ ಉದ್ಘಾಟನೆ: ರಿಬ್ಬನ್, ಕತ್ತರಿ, ಶಾಲು, ಮತ್ತೆ ಶಾಲು. ಎಂಟರಲ್ಲಿ “ನಮ್ಮ ಧ್ಯೇಯ”.

“ಹನ್ನೊಂದಕ್ಕೆ ಬರುತ್ತೆ. ಅವಸರ ಯಾಕ್ರೀ?”

“ನನಗೇನು ಅವಸರ? ರಿಟೈರ್ ಆದವನು. ಕೊಳ್ಳುವವನಿಗೆ ಇರುತ್ತಲ್ಲ!”

ಬ್ಯಾಂಕ್ ಕಾಕಾ ಬಜ್ಜಿ ಕೆಳಗಿಟ್ಟರು. ಅವರು ಬಜ್ಜಿ ಇಟ್ಟರೆ ವಿಷಯ ಗಂಭೀರ ಅಂತಲೇ ಅರ್ಥ. “ಸಾಲ ಕೇಳೋಕೆ ಬಂದವರ ಸ್ಲೈಡ್ ನೋಡಿ ನೋಡಿಯೇ ನನ್ನ ತಲೆ ಬೆಳ್ಳಗಾಯಿತು. ನಾವು ಹುಡುಕುತ್ತಿದ್ದದ್ದು ಎರಡೇ ಮಾತು. ಎಷ್ಟು ಬೇಕು, ಹೇಗೆ ತೀರಿಸುತ್ತೀರಿ. ಅದು ಯಾವಾಗಲೂ ಕೊನೆಯಲ್ಲಿ ಇರುತ್ತಿತ್ತು. ಅಷ್ಟೊತ್ತಿಗೆ ಮ್ಯಾನೇಜರ್ ಸಾಹೇಬರು ಊಟದ ಡಬ್ಬಿ ಬಿಚ್ಚಿರುತ್ತಿದ್ದರು.”

ನಾನೂ ಅದನ್ನೇ ಹೇಳಿದೆ. ಯಾವ ಬೇಳೆ, ತಿಂಗಳಿಗೆ ಎಷ್ಟು ಕ್ವಿಂಟಲ್, ಯಾವ ದರಕ್ಕೆ. ಇದು ಮೊದಲು ಬರಲಿ. ಉಳಿದದ್ದೆಲ್ಲ ಅವರು ಕೇಳಿದರೆ ಹೇಳಿದರಾಯಿತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಎನ್ನುವ ಸರ್ಕಾರಿ ಗುರುತು, ಸಿಕ್ಕಿದೆ ಅಲ್ವಾ, ಇಡೀ ಊರೇ ಎದೆ ಉಬ್ಬಿಸುವ ಸಂಗತಿ. ಅಳಿಯ ಅದನ್ನು 29ನೇ ಸ್ಲೈಡಿನ ಕೆಳಗೆ, ಫೋನ್ ನಂಬರ್ ಪಕ್ಕದಲ್ಲಿ ಕೂರಿಸಿದ್ದ. ಅದೂ ಬಿಳಿ ಹಿನ್ನೆಲೆ ಮೇಲೆ ಹಳದಿ ಅಕ್ಷರದಲ್ಲಿ.

“ಹಳದಿ ಯಾಕೆ?”

“ಬೇಳೆ ಹಳದಿ ಅಲ್ಲೇನ್ರೀ?”

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವ ಹುಡುಗನೊಬ್ಬ ನಮ್ಮ ಬೆಂಚಿನ ಖಾಯಂ ಗಿರಾಕಿ. ಅವನು ಶುರು ಮಾಡಿದ. ಅಮೆರಿಕದಲ್ಲಿ ಹೊಸ ಕಂಪನಿಗಳಿಗೆ ಬಂಡವಾಳ ಹಾಕುತ್ತಿದ್ದ ಗೈ ಕವಾಸಾಕಿ ಅಂತ ಒಬ್ಬರಿದ್ದಾರೆ. ಅವರ ಲೆಕ್ಕ 10-20-30. ಸ್ಲೈಡ್ 10, ಮಾತು 20 ನಿಮಿಷ, ಅಕ್ಷರ 30 ಪಾಯಿಂಟ್‌ಗಿಂತ ಸಣ್ಣದಿರಬಾರದು.

“ಹತ್ತೇನಾ? ಅದರಲ್ಲಿ ದೇವರು, ಗುರು, ಹಿರಿಯರು ಕಳೆದರೆ ಏಳೇ ಉಳಿಯುತ್ತೆ!” ಸಾವ್ಕಾರರಿಗೆ ನಿಜಕ್ಕೂ ಸಂಕಟವಾಯಿತು.

“ಅಮೆಜಾನ್‌ನಲ್ಲಿ ಅಷ್ಟೂ ಇಲ್ಲ,” ಎಂದ ಹುಡುಗ. “2004ರಲ್ಲಿ ಆ ಕಂಪನಿ ಕಟ್ಟಿದ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗ್‌ನಿಂದ ಸ್ಲೈಡ್ ಮಾಡುವ ಪವರ್‌ಪಾಯಿಂಟನ್ನೇ ಓಡಿಸಿದರು. ಆರು ಪುಟದ ಬರಹ ಕೊಡುತ್ತಾರೆ. ಎಲ್ಲರೂ ಸುಮ್ನೆ ಕೂತು ಓದುತ್ತಾರೆ, ಆಮೇಲೆ ಮಾತು.”

“ಸುಮ್ನೆ ಕೂತು? ನಮ್ಮ ಕಡೆ ಎರಡನೇ ಪುಟಕ್ಕೆ ಚಹಾ, ಮೂರನೇ ಪುಟಕ್ಕೆ ಗೊರಕೆ,” ಎಂದರು ಕಾಕಾ.

ಮಾಸ್ತರಿಗೆ ಇತಿಹಾಸ ಬಿಟ್ಟರೆ ಜೀವವಿಲ್ಲ. 1987ರಲ್ಲಿ ಪವರ್‌ಪಾಯಿಂಟ್ ಬಂದಾಗ ಅದು ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಇತ್ತು. ಬಣ್ಣವೂ ಇರಲಿಲ್ಲ, ಕಪ್ಪು ಬಿಳುಪು ಅಷ್ಟೇ. ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಹಾಳೆ ತಯಾರಿಸಲು ಬಳಸುತ್ತಿದ್ದರು. ಮಾಡಿದ ಕಂಪನಿ ಫೋರ್‌ಥಾಟ್. ಅದೇ ವರ್ಷ ಮೈಕ್ರೋಸಾಫ್ಟ್ 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು.

“ಅವರು ಎಷ್ಟು ಸ್ಲೈಡ್ ತೋರಿಸಿ ಮಾರಿದರು?” ಸಾವ್ಕಾರರ ಪ್ರಶ್ನೆ. ವ್ಯಾಪಾರಸ್ಥನ ತಲೆ ಎಲ್ಲಿ ಓಡುತ್ತೆ ನೋಡಿ.

ಇಷ್ಟರಲ್ಲಿ ಹನ್ನೊಂದನೇ ಸ್ಲೈಡ್ ಬಂತು. ಬೇಳೆಯೂ ಬಂತು. ಆದರೆ ಬೇಳೆ ಕಾಣಲಿಲ್ಲ. ಹದಿನೆಂಟು ಸಾಲು ಬರಹ, ಮೂಲೆಯಲ್ಲಿ ಒಂದು ಬೆರಳಗಲ ಫೋಟೊ. ಸಾವ್ಕಾರರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಅವರು ಮೂರನೇ ಸಾಲಿನಲ್ಲಿದ್ದಾಗ ನಾವೆಲ್ಲ ಕೊನೆಯ ಸಾಲು ಮುಗಿಸಿ ರಸ್ತೆಯಲ್ಲಿ ಹೋಗುವ ಆಟೊ ನೋಡುತ್ತಿದ್ದೆವು. ಇದೇ ನೋಡಿ ನಿಜವಾದ ರೋಗ. ಕಣ್ಣು ಓದುವಷ್ಟು ಬೇಗ ಬಾಯಿ ಹೇಳಲಾರದು. ಪರದೆಯಲ್ಲಿ ಇದ್ದದ್ದನ್ನೇ ಓದುವುದಾದರೆ ಬೆಂಗಳೂರಿಗೆ ಟಿಕೆಟ್ ಯಾಕೆ, ಇಮೇಲ್ ಸಾಕು.

“ಸರಿ, ಲ್ಯಾಪ್‌ಟಾಪ್ ಮುಚ್ಚಿ. ಬೇಳೆ ಬಗ್ಗೆ ಹಾಗೇ ಹೇಳಿ,” ಎಂದರು ಮಾಸ್ತರು.

ಸಾವ್ಕಾರರು ಜೇಬಿಗೆ ಕೈ ಹಾಕಿದರು. ಸ್ಯಾಂಪಲ್ ಪೊಟ್ಟಣ ಬಂತು. ಅಂಗೈ ಮೇಲೆ ಸುರಿದು, ಬೆರಳಿನಲ್ಲಿ ಸರಿಸುತ್ತಾ ಶುರು ಮಾಡಿದರು. ಇದು ಪಾಲಿಶ್ ಇಲ್ಲದ್ದು, ಅದಕ್ಕೇ ಹೊಳಪು ಕಡಿಮೆ. ಇದು ನಮ್ಮ ಕಪ್ಪು ಮಣ್ಣಿನದ್ದು. ಹೊಳೆಯುವುದನ್ನು ಕೊಂಡು ಮೋಸ ಹೋಗಬೇಡಿ. ಬೇಯುವಾಗ ವಾಸನೆ ನೋಡಿ, ಆಮೇಲೆ ದರ ಮಾತಾಡೋಣ. ಕೈಯಲ್ಲಿ ಪೇಪರ್ ಇಲ್ಲ, ಬಾಯಲ್ಲಿ ತಡವರಿಕೆ ಇಲ್ಲ. ಚಹಾದ ಚಾಚಾ ಒಲೆ ಬಿಟ್ಟು ಬಂದು ನಿಂತು, “ಎರಡು ಕಿಲೋ ನನಗೆ,” ಎಂದರು.

“ಇದೇ ಪ್ರೆಸೆಂಟೇಶನ್!” ಹುಡುಗ ಬೆಂಚ್ ಕುಟ್ಟಿದ. “ಬೇಳೆ ಮೇಜಿನ ಮೇಲೆ ಹಾಕುವಾಗ ಕೀಬೋರ್ಡಿನಲ್ಲಿ ಬಿ ಒತ್ತಿ. ಪರದೆ ಕಪ್ಪಾಗುತ್ತೆ, ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಮತ್ತೆ ಒತ್ತಿದರೆ ವಾಪಸ್ ಬರುತ್ತೆ.”

“ನಮ್ಮಲ್ಲಿ ಅದಕ್ಕೆ ಬಟನ್ ಯಾಕೆ? ಕರೆಂಟ್ ತಾನೇ ಹೋಗುತ್ತೆ.”

ಆಮೇಲೆ ಕತ್ತರಿ ಆಡಿತು. ತಲೆಬರಹ “ತೊಗರಿ ದರ” ಅಂತಿದ್ದದ್ದು “ಆವಕ ಹೆಚ್ಚಿದಾಗ ಕೊಂಡರೆ ನಿಮಗೆ ಉಳಿತಾಯ” ಅಂತಾಯಿತು. ಮೂರು ಆಯಾಮದ ದುಂಡು ಚಾರ್ಟ್ ಹೋಯಿತು. ಅದರಲ್ಲಿ ಮುಂದಿನ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಕಾಕಾ ಅಂಥವನ್ನು ಕಂಡರೆ ಸಾಲವನ್ನೇ ಅನುಮಾನಿಸುತ್ತಿದ್ದರಂತೆ. ತಿಂಗಳುವಾರು ದರಕ್ಕೆ ಒಂದೇ ಗೆರೆ ಬಂತು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತೆ, ಇಂಗ್ಲಿಷಿನ ಅಳತೆಯಲ್ಲಿ ಸಾಲು ಒತ್ತಿದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತೆ. ಹಾಗಾಗಿ ಸಾಲುಗಳ ನಡುವೆ ಜಾಗ ಹೆಚ್ಚಿಸಿದೆವು. ಅಳಿಯ ಬಳಸಿದ್ದದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ “ನಮ್ಮ ಧ್ಯೇಯ” ಯಾವ ದೇಶದ ಭಾಷೆಯೋ ದೇವರಿಗೇ ಗೊತ್ತು. ಯೂನಿಕೋಡ್‌ಗೆ ಬದಲಿಸಿ ಒಂದು ಪಿಡಿಎಫ್ ಕೂಡ ಪೆನ್‌ಡ್ರೈವ್‌ಗೆ ಹಾಕಿದೆವು. ತಂದೆಯವರ ಫೋಟೊ ಮಾತ್ರ ಯಾರೂ ಮುಟ್ಟಲಿಲ್ಲ. ಮಿಲ್ ಕಟ್ಟಿದವರು ಅವರು, ಒಂದು ಸ್ಲೈಡ್ ಅವರಿಗೆ ಬಿಟ್ಟರೆ ಖರೀದಿದಾರನಿಗೇನು ನಷ್ಟ?

ಜಗಳ ಹತ್ತಿದ್ದು ಕೊನೆಯ ಸ್ಲೈಡಿಗೆ. ಮುಗಿದ ಎರಡು ಕೈ, ಕೆಳಗೆ “ಧನ್ಯವಾದಗಳು”.

“ಇದನ್ನು ತೆಗೆಯಿರಿ,” ಎಂದ ಹುಡುಗ. “ಅವರು ಪ್ರಶ್ನೆ ಕೇಳುವಷ್ಟು ಹೊತ್ತೂ ಪರದೆ ಮೇಲೆ ಇದೇ ನಿಂತಿರುತ್ತೆ. ಅಲ್ಲಿ ದರ, ಕ್ವಿಂಟಲ್, ಸ್ಯಾಂಪಲ್ ಕಳಿಸುವ ತಾರೀಖು ಇರಲಿ.”

“ನಮಸ್ಕಾರ ಇಲ್ಲದೆ ಎದ್ದು ಬರೋದಾ? ಮಂದಿ ಏನಂದಾರು?”

“ನಿಮಗೆ ಕೈ ಇಲ್ವಾ? ನೀವೇ ಮುಗೀರಿ!”

“ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ಬೇಳೆ. ಯಾವ ಕೈ ಮುಗೀಲಿ?”