ಕೀಟನಾಶಕ ಕುಡಿದ ರೋಗಿ ವೆಂಟಿಲೇಟರ್ ಬಿಡ್ತಿಲ್ಲ, ನಿಮ್ಮ ಅನುಭವ ಹೇಳಿ

ಡ್ಯೂಟಿ ಡಾಕ್ಟರ್: ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫರಸ್ ಕೀಟನಾಶಕ ಕುಡಿದವರು. ಎಚ್ಚರ ಇದ್ದಾರೆ, ಎದೆ ಕ್ಲಿಯರ್, ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಳಿಸಿದ್ದೇವೆ. ಟಿ-ಪೀಸ್‌ನಲ್ಲಿ (ಟ್ಯೂಬ್ ಇದ್ದಂತೆಯೇ, ವೆಂಟಿಲೇಟರ್ ನೆರವಿಲ್ಲದೆ ಉಸಿರಾಡಿಸುವ ಟ್ರಯಲ್) ಅರ್ಧ ಗಂಟೆ ಆರಾಮಾಗಿದ್ದರು. ಉಸಿರಾಟದ ಟ್ಯೂಬ್ ತೆಗೆದ ಮೇಲೆ ಸುಸ್ತಾಗಿ ಮತ್ತೆ ಹಾಕಬೇಕಾಯ್ತು. ಇನ್ನೊಮ್ಮೆ ಯಾವ ಧೈರ್ಯದ ಮೇಲೆ ತೆಗೆಯಲಿ?

ಅರಿವಳಿಕೆ ವೈದ್ಯರು: ಮಾನಿಟರ್ ಬಿಡಿ, ಮೊದಲು ಕುತ್ತಿಗೆ ನೋಡಿ. ದಿಂಬಿನಿಂದ ತಲೆ ಎತ್ತಲು ಹೇಳಿ, ಹಣೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ. ತಲೆ ಸೋತು ಬಿದ್ದರೆ ಟ್ಯೂಬ್ ಮುಟ್ಟಬೇಡಿ. ಇದು ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಇರಬಹುದು. ಶ್ರೀಲಂಕಾದ ವೈದ್ಯರು 1987ರಲ್ಲೇ ಬರೆದಿದ್ದಾರೆ. ಜೊಲ್ಲು, ಬೆವರು ಎಲ್ಲ ನಿಂತು, ಇನ್ನೇನು ಗೆದ್ದೆವು ಅನ್ನುವಾಗ, ಸಾಮಾನ್ಯವಾಗಿ 24ರಿಂದ 96 ಗಂಟೆಯೊಳಗೆ, ಕುತ್ತಿಗೆ, ಭುಜ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಈ ಸ್ನಾಯುಗಳಿಗೆ ಬಲ ಕೊಡುವುದಿಲ್ಲ. ಕಾಯಬೇಕು ಅಷ್ಟೇ.

ಆರ್‌ಎಸ್‌ಬಿಐ (ನಿಮಿಷದ ಉಸಿರಿನ ಸಂಖ್ಯೆಯನ್ನು ಒಂದು ಉಸಿರಿನ ಲೀಟರ್ ಅಳತೆಯಿಂದ ಭಾಗಿಸಿದ ಲೆಕ್ಕ) 105ಕ್ಕಿಂತ ಕಡಿಮೆ ಬಂತು ಅಂತ ಸುಮ್ನೆ ಖುಷಿಪಡಬೇಡಿ. ಕೆಮ್ಮುವ ಬಲ ಇದೆಯಾ ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಇಂಥವರಿಗೆ ನಾನು ಟ್ರಯಲ್ಲನ್ನು ಎರಡು ಗಂಟೆವರೆಗೆ ಎಳೆಯುತ್ತೇನೆ. ದಿನಕ್ಕೊಂದೇ ಟ್ರಯಲ್, ಸೋತರೆ ಮರುದಿನದವರೆಗೆ ಪೂರ್ತಿ ಸಪೋರ್ಟ್. ಎಸ್‌ಐಎಂವಿ ರೇಟನ್ನು, ಅಂದರೆ ವೆಂಟಿಲೇಟರ್ ನಿಮಿಷಕ್ಕೆ ಕೊಡುವ ಉಸಿರುಗಳನ್ನು, ಒಂದೊಂದೇ ಇಳಿಸುವ ಹಳೇ ಚಾಳಿ ಇನ್ನೂ ಕೆಲವು ಕಡೆ ಇದೆ. ದಿನಕ್ಕೊಂದು ಟ್ರಯಲ್ ಮಾಡಿದವರಲ್ಲಿ ಟ್ಯೂಬ್ ಅದಕ್ಕಿಂತ ಸುಮಾರು ಮೂರು ಪಟ್ಟು ಬೇಗ ತೆಗೆಯಬಹುದು ಅಂತ ಸ್ಪೇನ್‌ನವರು 1995ರಲ್ಲೇ ತೋರಿಸಿದ್ದಾರೆ.

ಐಸಿಯು ನರ್ಸ್: ಸಕ್ಷನ್ (ಟ್ಯೂಬ್‌ನಿಂದ ಕಫ ಎಳೆಯುವುದು) ಎಷ್ಟು ಹೊತ್ತಿಗೊಮ್ಮೆ ಬೇಕಾಗ್ತಿದೆ ಅಂತ ಸಿಸ್ಟರ್‌ಗಳನ್ನು ಕೇಳಿ, ಚಾರ್ಟ್‌ಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತೆ. ಗಂಟೆಗೊಮ್ಮೆ ಕಫ ತೆಗೆಯಬೇಕಾದರೆ ಇನ್ನೂ ಸಮಯ ಆಗಿಲ್ಲ. ಟ್ಯೂಬ್ ತುದಿಯಿಂದ ಒಂದೆರಡು ಸೆಂಟಿಮೀಟರ್ ದೂರ ಬಿಳಿ ಕಾಗದ ಹಿಡಿದು ಮೂರು-ನಾಲ್ಕು ಸಲ ಕೆಮ್ಮಿಸಿ. ಕಾಗದ ಒದ್ದೆಯಾಗದಿದ್ದರೆ ಆ ಕೆಮ್ಮು ಸಾಲದು. ತೆಗೆಯುವುದಿದ್ದರೆ ಬೆಳಿಗ್ಗೆ ತೆಗೆಯಿರಿ, ಎಲ್ಲರೂ ಇರುತ್ತಾರೆ. ರಾತ್ರಿ ನಿದ್ದೆ ಮಾಡಲು ಬಿಡಿ, ದಯವಿಟ್ಟು.

ಪಿಜಿ ವೈದ್ಯೆ: ರಕ್ತಪರೀಕ್ಷೆಗೆ ಪೊಟ್ಯಾಷಿಯಂ ಜೊತೆ ಫಾಸ್ಫೇಟ್ ಕೂಡ ಕಳಿಸಿ. ಅದು ಇಳಿದರೂ ಉಸಿರಾಟದ ಸ್ನಾಯು ಸೋಲುತ್ತೆ.

ಡ್ಯೂಟಿ ಡಾಕ್ಟರ್: ಈಗಷ್ಟೇ ನೋಡಿ ಬಂದೆ. ತಲೆ ಎತ್ತುತ್ತಾರೆ, ಹಿಡಿದು ನಿಲ್ಲಿಸಲು ಆಗುತ್ತಿಲ್ಲ. ಇವತ್ತು ತೆಗೆಯಲ್ಲ. ಮನೆಯವರು ದಿನಾ ಕೇಳ್ತಾರೆ, ಏನು ಹೇಳಲಿ?

ಅರಿವಳಿಕೆ ವೈದ್ಯರು: "ನಾಳೆ ತೆಗೀತೀವಿ" ಅಂತ ಮಾತ್ರ ಹೇಳಬೇಡಿ. ಸ್ನಾಯುಗಳಿಗೆ ಬಲ ಬರಲು ಒಂದೆರಡು ವಾರ ಹಿಡಿಯಬಹುದು, ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕುವುದು) ಮಾತೂ ಬರಬಹುದು ಅಂತ ಈಗಲೇ ತಿಳಿಸಿ. ಹಾಗೇ ಮನೋವೈದ್ಯರಿಗೆ ರೆಫರಲ್ ಬರೆದಿಡಿ. ವಾರ್ಡಿಗೆ ಹೋದ ಮೇಲೆ ಅದನ್ನು ಎಲ್ಲರೂ ಮರೆಯುತ್ತಾರೆ.